ಅಂಧೇರಿಯ ಪಾವ್ ಭಟ್ಟಿ

ಬೆಳಗಿನ ಜಾವ ಅಂಧೇರಿ ಸ್ಟೇಷನ್ನಿನ ಹೊರಗೆ ಬಂದವರಿಗೆ ಬೇಕರಿಯ ದಾರಿಯನ್ನು ಮೂಗೇ ತೋರಿಸುತ್ತದೆ. ೨೦೨೪ರ ಮಳೆಗಾಲದಲ್ಲಿ ನಾವು ಹೊಕ್ಕ ಗಲ್ಲಿಯ ಬೇಕರಿಯಲ್ಲಿ ಸೌದೆಯ ಭಟ್ಟಿಯೇ ಇತ್ತು. ಇಟ್ಟಿಗೆ ಕಾದಮೇಲೆ ಕೆಂಡವನ್ನು ಬದಿಗೆ ಸರಿಸಿ, ಒದ್ದೆ ಗೋಣಿಯಿಂದ ಒಳನೆಲವನ್ನು ಒರೆಸಿ, ಪಾವಿನ ತಟ್ಟೆಗಳನ್ನು ಉದ್ದ ಕೋಲಿನಿಂದ ತಳ್ಳುತ್ತಾರೆ. ಇಟ್ಟಿಗೆ ಹಿಡಿದಿಟ್ಟ ಕಾವೇ ಪಾವನ್ನು ಬೇಯಿಸುತ್ತದೆ.

ಹೊಗೆ ಮುಖಕ್ಕೆ ಹೊಡೆದರೆ ಮೊದಲು ಸೌದೆಯನ್ನು ನೋಡಬೇಕು. ಮುಂಬಯಿಯ ಮಳೆಗೆ ನೆಂದ ಕಟ್ಟಿಗೆಯ ಶಾಖ ಅದರ ನೀರನ್ನು ಆರಿಸುವುದರಲ್ಲೇ ಮುಗಿಯುತ್ತದೆ. ಹೊಗೆಯು ಕೊಳವೆಯಲ್ಲಿ ಮಸಿಯಾಗಿ ಅಂಟುತ್ತದೆ. ಮಸಿ ಬೆಳೆದಂತೆ ಹೊಗೆಗೆ ದಾರಿ ಕಿರಿದಾಗುತ್ತದೆ. ಬ್ಲೋಅರಿನಿಂದ ಊದೋಣವೆಂದರೆ ಬೂದಿ ಹಾರಿ ಪಾವಿನ ಮೇಲೆ ಕುಳಿತೀತು! ಬೂದಿ ತೆಗೆದು, ಕೊಳವೆ ಕೆರೆದು, ಒಣಸೌದೆ ಹಾಕುವುದೇ ಮದ್ದು. ಅಗ್ಗವೆಂದು ಬಣ್ಣ ಬಳಿದ ಹಳೆಯ ಬಾಗಿಲು, ಪ್ಲೈವುಡ್ಡುಗಳನ್ನು ಉರಿಸುವವರೂ ಉಂಟು. ಆ ಹೊಗೆ ಗಲ್ಲಿಯ ಮಕ್ಕಳ ಎದೆಗಿಳಿಯುವ ವಿಷ.

೨೦೨೫ರ ಜನವರಿ ೯ರಂದು ಮುಂಬಯಿ ಹೈಕೋರ್ಟು, ಸೌದೆ-ಕಲ್ಲಿದ್ದಲು ಉರಿಸುವ ಬೇಕರಿ, ಹೋಟೆಲುಗಳು ಆರು ತಿಂಗಳಲ್ಲಿ ಗ್ಯಾಸು ಮೊದಲಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದಿತು. ತಂದೂರಿ ಇಟ್ಟಿರುವ ನಮ್ಮ ಹೋಟೆಲಿನವರಿಗೂ ಇದು ತಟ್ಟಿತು. ಭಟ್ಟಿ ಒಡೆದು ಹೊಸದನ್ನು ಕೂರಿಸಲು ಹಣವೆಲ್ಲಿ ಎಂಬುದು ಸಣ್ಣ ಬೇಕರಿಯವರ ಅಳಲು. ಕಿಟಕಿ ತೆರೆಯಲಾಗದ ನೆರೆಯವರ ಅಳಲೂ ಸುಳ್ಳಲ್ಲ. ನನ್ನ ಮತ ನೆರೆಯವರ ಕಡೆಗೆ. ಪಾವಿನ ರುಚಿ ತುಸು ತಗ್ಗಿದರೆ ಚಹದಲ್ಲಿ ಅದ್ದಿ ತಿಂದೇವು.