ರಾಜಗೋಪಾಲನಗರದಲ್ಲಿ ಗಾಜು ಕೂರುವ ಹೊತ್ತು

ತುಮಕೂರು ರಸ್ತೆಯ ನೆತ್ತಿಯ ಮೇಲೆ ಓಡುವ ಮೆಟ್ರೋ ರೈಲಿನಿಂದ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕನನ್ನು ಮೊದಲು ಎದುರುಗೊಳ್ಳುವುದು ಸದ್ದು. ಲೇಥಿನ ಗುಂಯ್‌ಗಾನ, ಸಾಣೆಯ ಕಿರುಚು, ತಗಡನ್ನು ಅಚ್ಚಿಗೆ ಒತ್ತುವ ಪ್ರೆಸ್ಸಿನ ಏಕತಾಳ, ಇವೆಲ್ಲ ಸೇರಿ ಹಗಲಿಡೀ ನಡೆಯುವ ಒಂದು ಕಚೇರಿ ಅದು. ರೈಲು ಈ ನಿಲ್ದಾಣಕ್ಕೆ ಬಂದದ್ದು 2014ರ ಮಾರ್ಚಿಯಲ್ಲಿ. ಸದ್ದು ಅದಕ್ಕಿಂತ ಬಹಳ ಹಳೆಯದು. 1970ರ ದಶಕದ ಕೊನೆಯಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ರೂಪುಗೊಂಡಂದಿನಿಂದ ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರಗಳ ಹೊಲಗದ್ದೆಗಳ ಮೇಲೆ ಅದು ಹಬ್ಬುತ್ತಲೇ ಬಂದಿದೆ. ಅಲ್ಲಿಂದ ದಕ್ಷಿಣಕ್ಕೆ, ಎರಡನೆಯ ಹಂತದ ಕಾರ್ಖಾನೆಗಳನ್ನು ದಾಟಿ ನಡೆದರೆ ರಾಜಗೋಪಾಲನಗರ.

ಇಲ್ಲಿ ಮನೆ ಎಲ್ಲಿ ಮುಗಿಯಿತು, ಕಾರ್ಖಾನೆ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಕೆಳಗೆ ಯಂತ್ರ, ಮೇಲೆ ಸಂಸಾರ. ಬಾಗಿಲ ಮುಂದೆ ರಂಗೋಲಿ, ರಂಗೋಲಿಯ ಪಕ್ಕದಲ್ಲಿಯೇ ಉಕ್ಕಿನ ಸುರುಳಿ ಚೂರುಗಳ ರಾಶಿ. ಈ ಬೀದಿಗಳ ದುಡಿಮೆಗೆ ಎರಡು ಧರ್ಮಗಳುಂಟು. ಒಂದು ಅಳತೆ: ಕೂದಲೆಳೆಗಿಂತ ಕಡಿಮೆಯ ಅಂತರ ತಪ್ಪಿದರೂ ಕಡೆದ ತುಂಡು ಗುಜರಿಗೆ ಹೋಗುತ್ತದೆ. ಇನ್ನೊಂದು ಅವಸರ: "ಇವತ್ತು ಸಂಜೆಗೇ ಬೇಕು" ಎಂಬ ಮಾತು ಕೇಳಿಬರದ ಶೆಡ್ಡು ಇಲ್ಲಿಲ್ಲ. ಈ ಎರಡು ಧರ್ಮಗಳಿಗೆ ಜಗಳ ಬಿದ್ದಾಗ ಏನಾಗಬೇಕೆಂಬುದನ್ನು ತಿಳಿಯಲು, ಮೋಟಾರು ಗಾಜು ಕೂರಿಸುವವನ ಶೆಡ್ಡಿನಷ್ಟು ತಕ್ಕ ಸ್ಥಳ ಮತ್ತೊಂದಿರಲಾರದು.

ಇಂಥ ಬೀದಿಗೆ ನೆಲಕ್ಕೆ ಅಂಟಿದಂತಿರುವ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರೊಂದು ಬಂದು ನಿಂತಿತೆಂದು ಕಲ್ಪಿಸಿಕೊಂಡರೆ, ಮುಂದಿನ ಕಥೆ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ. ಚಹಾದ ಲೋಟ ಹಿಡಿದವರು ಸುತ್ತ ನೆರೆಯುತ್ತಾರೆ. ಕಾರಿನ ಮುಂಗಾಜಿನ ಮೇಲೆ ಎಡದಿಂದ ಬಲಕ್ಕೆ ನದಿಯ ನಕ್ಷೆಯಂತೆ ಒಂದು ಬಿರುಕು. ನೆಲಮಂಗಲದ ಕಡೆಯಿಂದ ಬರುವಾಗ ಮುಂದಿದ್ದ ಲಾರಿಯ ಜೋಡಿಚಕ್ರಗಳ ನಡುವೆ ಸಿಕ್ಕಿದ್ದ ಜಲ್ಲಿಕಲ್ಲು ಸಿಡಿದು ತಾಗಿತ್ತು. ಅಂದು ಆದ ಗಾಯ ಮೆಣಸಿನಕಾಳಿನಷ್ಟು. ಯಜಮಾನರು ವಾರವಿಡೀ ಅದನ್ನು ಲೆಕ್ಕಿಸಲಿಲ್ಲ. ಕೊನೆಗೊಂದು ಮಧ್ಯಾಹ್ನ ಬಿಸಿಲಿನಲ್ಲಿ ಕಾದ ಗಾಜಿಗೆ ಒಳಗಿನಿಂದ ತಣ್ಣನೆಯ ಏಸಿ ಗಾಳಿ ತಗುಲಿದ್ದೇ ತಡ, ಕಾಳು ನದಿಯಾಯಿತು.

ಮೇಸ್ತ್ರಿ ಮೊದಲು ಹೇಳುವುದು ಕಳೆದುಹೋದ ಆ ವಾರದ ಮಾತನ್ನೇ. ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ, ಅಂಚಿನಿಂದ ದೂರವಿರುವ, ಚಾಲಕನ ದೃಷ್ಟಿಗೆ ನೇರವಾಗಿ ಅಡ್ಡಬಾರದ ಗಾಯವನ್ನು ಬಹುಮಟ್ಟಿಗೆ ವಾಸಿಮಾಡಬಹುದು. ಗಾಯದೊಳಗಿನ ಗಾಳಿಯನ್ನು ಹೀರಿ ತೆಗೆದು, ತಿಳಿಯಾದ ರಾಳವನ್ನು ತುಂಬಿ, ಅತಿನೇರಳೆ ದೀಪದಿಂದ ಗಟ್ಟಿಗೊಳಿಸುತ್ತಾರೆ. ಅಲ್ಲಿಯವರೆಗೆ ಅದರೊಳಗೆ ನೀರು, ಧೂಳು ಸೇರದಂತೆ ಒಂದು ಪಾರದರ್ಶಕ ಟೇಪು ಅಂಟಿಸಿದರೂ ಸಾಕು. ಹೊತ್ತಿಗೆ ಹಾಕಿದ ಒಂದು ಹೊಲಿಗೆ ಎಂಬಂತೆ, ಇಷ್ಟರಿಂದ ಇಡೀ ಗಾಜು ಉಳಿಯುತ್ತಿತ್ತು. ಈಗ ಆ ಕಾಲ ಮೀರಿದೆ.

"ಎಷ್ಟಾಗುತ್ತೆ ಮೇಸ್ತ್ರಿ? ಗಾಜು ತರಿಸಿದ ದಿನ ಸಂಜೇನೇ ಕೊಟ್ಟುಬಿಡ್ತೀರಾ?" ಎಂದು ಯಜಮಾನರ ಪ್ರಶ್ನೆ.

"ದುಡ್ಡಿನ ಮಾತು ಆಮೇಲಾಗಲಿ ಸಾರ್. ಪಕ್ಕದ ಸೀಟಿನಲ್ಲಿ ಯಾರು ಕೂರ್ತಾರೆ, ಅದನ್ನ ಮೊದಲು ಹೇಳಿ" ಎಂದು ಮೇಸ್ತ್ರಿಯ ಮರುಪ್ರಶ್ನೆ.

ಈ ಮರುಪ್ರಶ್ನೆಯ ಅರ್ಥ ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಕಾಲಕ್ಕೆ ಹೋಗಬೇಕು. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರಿಗೆ, ಹಳೆಯ ಮೋಟಾರುಗಳ ನೆಟ್ಟಗೆ ನಿಂತ ಚಪ್ಪಟೆ ಗಾಜುಗಳು ನೆನಪಿದ್ದಾವು. ಗಾಳಿಯನ್ನೂ ಧೂಳನ್ನೂ ತಡೆಯುವುದಷ್ಟೇ ಅವುಗಳ ಕೆಲಸ. ಆ ಕಾಲದ ಎಂ.ಜಿ. ಕಂಪನಿಯ ಟಿ ಮಾದರಿಯ ಕಾರುಗಳಲ್ಲಿಯಂತೂ, ಬೇಡವೆನಿಸಿದಾಗ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಿಬಿಡಬಹುದಾಗಿತ್ತು. ಮುಂದೆ ಅಂಬಾಸಡರ್, ಫಿಯೆಟ್ಟುಗಳಲ್ಲಿ ಗಾಜಿನ ಸುತ್ತ ರಬ್ಬರಿನ ಬೀಡಿಂಗು ಬಂತು. ಬೀಡಿಂಗಿನ ಸಂದಿನಲ್ಲಿ ದಾರವನ್ನಿಟ್ಟು, ಹೊರಗಿನಿಂದ ಒಬ್ಬನು ಗಾಜನ್ನು ಒತ್ತುತ್ತಿರಲು ಒಳಗಿನಿಂದ ಇನ್ನೊಬ್ಬನು ದಾರ ಎಳೆಯುತ್ತ ಬಂದರೆ, ರಬ್ಬರಿನ ತುಟಿ ತಗಡನ್ನು ಕಚ್ಚಿಕೊಳ್ಳುತ್ತಿತ್ತು. ಕೆಲಸ ಮುಗಿದ ಗಳಿಗೆಯಲ್ಲೇ ಗಾಡಿ ಹೊರಡಬಹುದಾಗಿತ್ತು. "ಗಾಜು ಹಾಕಿಸಿಕೊಂಡು ಹೋಗೋಣ" ಎಂಬ ನಮ್ಮ ನಾಡಿನ ಅವಸರದ ವಾಡಿಕೆ ಆ ರಬ್ಬರಿನ ಕಾಲದ ಉಳಿಕೆ.

ಇಂದಿನ ಕಾರಿನ ಗಾಜನ್ನು ಹಿಡಿದಿರುವುದು ಅಂಟು. ಪಾಲಿಯೂರಿಥೇನ್ ಎಂಬ ಕಪ್ಪು ಅಂಟು ಗಾಜನ್ನೂ ಕಾರಿನ ಮೈಯನ್ನೂ ಒಂದಾಗಿಸುತ್ತದೆ. ಕಾರು ಮಗುಚಿದರೆ ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಈ ಗಾಜಿಗೂ ಒಂದು ಪಾಲಿದೆ. ಇನ್ನೂ ಮುಖ್ಯವಾದುದು ಪಕ್ಕದ ಆಸನದ ಗಾಳಿಚೀಲದ ವಿಷಯ. ಚಾಲಕನ ಗಾಳಿಚೀಲ ಸ್ಟಿಯರಿಂಗ್ ಚಕ್ರದಿಂದ ನೇರವಾಗಿ ಅವನ ಕಡೆಗೆ ಉಬ್ಬುತ್ತದೆ. ಪಕ್ಕದಲ್ಲಿ ಕುಳಿತವರದು ಹಲವು ಕಾರುಗಳಲ್ಲಿ ಮೇಲ್ಮುಖವಾಗಿ ಸಿಡಿದು, ಗಾಜಿಗೆ ಬಡಿದು, ಅದನ್ನೇ ಗೋಡೆಯಾಗಿಸಿಕೊಂಡು ಹಿಂದಕ್ಕೆ ಬರುತ್ತದೆ. ಇದೆಲ್ಲ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ಅಂಟು ಹಸಿಯಾಗಿದ್ದರೆ ಗೋಡೆಯೇ ಕಿತ್ತು ಹೊರಗೆ ಹೋದೀತು. ಆಗ ಚೀಲಕ್ಕೆ ಆಸರೆಯಿಲ್ಲ, ಕುಳಿತವರಿಗೂ ಇಲ್ಲ. ಛಾವಣಿಯಿಲ್ಲದ ತೆರೆದ ಸ್ಪೋರ್ಟ್ಸ್ ಕಾರಿನಲ್ಲಿ ತಲೆಯ ಮುಂದಿರುವ ಆಸರೆಯೆಂದರೆ ಗಾಜಿನ ಚೌಕಟ್ಟೊಂದೇ.

ಗಾಜಿನ ಕಥೆಯೂ ಕೇಳತಕ್ಕದ್ದೇ. 1903ರಲ್ಲಿ ಫ್ರಾನ್ಸಿನ ಎದ್ವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಗಾಜಿನ ಕುಪ್ಪಿಯೊಂದು ಕೆಳಗೆ ಬಿತ್ತು. ಒಡೆಯಿತು, ಆದರೆ ಚೂರಾಗಿ ಚೆದರಲಿಲ್ಲ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿತ್ತು. 1909ರಲ್ಲಿ ಆತ ಪದರಗಾಜಿಗೆ ಹಕ್ಕುಪತ್ರ ಪಡೆದ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳ ಕಣ್ಣಿಗೆ ಅದು ಬಂತು, ಆಮೇಲೆ ಕಾರಿಗೆ. ಇಂದು ಎರಡು ಗಾಜುಗಳ ನಡುವೆ ಇರುವುದು ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪೊರೆ. ಬಾಗಿಲಿನ ಗಾಜು ಒಡೆದು ಕಲ್ಲುಸಕ್ಕರೆಯಾದರೂ, ಮುಂಗಾಜು ಒಡೆದೂ ಜಾಗ ಬಿಡದಿರುವುದು ಈ ಪೊರೆಯ ಕಾರಣದಿಂದ. ಮುಂದೆ ಪದರಗಾಜೇ ಇರತಕ್ಕದ್ದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ.

ಹಾಗಾದರೆ ಯಾವ ಗಾಜನ್ನು ತರಿಸಬೇಕು? ಕಾರಿನ ಹೆಸರು, ವರ್ಷಗಳಿಷ್ಟನ್ನೇ ಹೇಳಿದರೆ ಸಾಲದು. ಚಾಸಿ ನಂಬರನ್ನು ಕೊಟ್ಟು ಅದಕ್ಕೆ ಹೊಂದುವ ಗಾಜಿನ ಸಂಖ್ಯೆಯನ್ನೇ ಕೇಳಬೇಕೆಂದು ಮೇಸ್ತ್ರಿ ಹೇಳುತ್ತಾನೆ. ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದರ ಗಾಜಿಗೆ ಮಳೆಯನ್ನು ಗುರುತಿಸುವ ಕಣ್ಣಿರಬಹುದು, ಇನ್ನೊಂದಕ್ಕೆ ದಾರಿ ನೋಡುವ ಕ್ಯಾಮರಾ. ವೇಗದ ಅಂಕಿಗಳನ್ನು ಗಾಜಿನ ಮೇಲೆಯೇ ತೋರಿಸುವ ಕಾರಿನಲ್ಲಿ ಒಳಪೊರೆ ಮೇಲಿಂದ ಕೆಳಕ್ಕೆ ದಪ್ಪ ಬದಲಾಗುವಂಥದಿರಬೇಕು. ಸಾಮಾನ್ಯ ಗಾಜನ್ನು ಹಾಕಿದರೆ ಅಂಕಿ ಎರಡೆರಡಾಗಿ ಕಾಣುತ್ತದೆ. ಕ್ಯಾಮರಾ ಇದ್ದರೆ ಗಾಜು ಕೂರಿಸಿದ ಮೇಲೆ ಅದರ ದೃಷ್ಟಿಯನ್ನು ಮತ್ತೆ ಅಳೆದು ಸರಿಪಡಿಸಬೇಕು. ಅದು ಯಾರ ಜವಾಬ್ದಾರಿ ಎಂಬುದು ಮೊದಲೇ ನಿಷ್ಕರ್ಷೆಯಾಗಿರಬೇಕು. ಸ್ಪೋರ್ಟ್ಸ್ ಕಾರಿನ ಗಾಜು ಬಹಳ ಓರೆಯಾಗಿ ಮಲಗಿರುವುದರಿಂದ, ಬಾಗುವಿಕೆಯ ಚಿಕ್ಕ ದೋಷವೂ ರಾತ್ರಿಯ ಹೊತ್ತು ಎದುರಿನ ದೀಪವನ್ನು ಜೋಡಿದೀಪವಾಗಿಸೀತು. ಅಗ್ಗದ ಗಾಜಿನ ನಿಜವಾದ ಬೆಲೆ ತಿಳಿಯುವುದು ಕತ್ತಲೆಯಲ್ಲಿ.

ಹಣದ ಮಾತಿಗೂ ಒಂದು ಕ್ರಮವಿದೆ. ಗಾಜನ್ನು ಕೀಳುವ ಮೊದಲೇ ಬಿರುಕಿನ ಛಾಯಾಚಿತ್ರ ತೆಗೆದು ವಿಮೆಯವರಿಗೆ ತಿಳಿಸಬೇಕು. ಸಾಮಾನ್ಯ ಸಮಗ್ರ ವಿಮೆಯಲ್ಲಿ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ನೂರಕ್ಕೆ 50ರಷ್ಟು ಸವಕಳಿ ಕಳೆಯುತ್ತಾರೆ, ಗಾಜಿಗೆ ಸವಕಳಿಯಿಲ್ಲ. ಆದರೆ ಪರಿಹಾರ ಕೇಳದ ವರ್ಷಗಳಿಗಾಗಿ ದೊರೆಯುವ, ನೂರಕ್ಕೆ 20ರಿಂದ 50ರವರೆಗೆ ಏರುವ ರಿಯಾಯಿತಿ ಒಂದು ಗಾಜಿಗಾಗಿ ಕೈತಪ್ಪಬಹುದು. ಬೆಲೆಬಾಳುವ ಕಾರಿಗೆ ಇದು ಚಿಕ್ಕ ಮೊತ್ತವೇನೂ ಆಗದು. ಎರಡನ್ನೂ ತೂಗಿ ನೋಡಿ ನಿರ್ಧರಿಸುವುದು ಜಾಣತನ. ಹಳೆಯ ಗಾಜಿನೊಡನೆ ಫಾಸ್ಟ್‌ಟ್ಯಾಗ್ ಚೀಟಿಯೂ ಹೋಗುತ್ತದೆ. ಕಿತ್ತು ಅಂಟಿಸಿದರೆ ಅದು ಕೆಲಸ ಮಾಡದು, ಬ್ಯಾಂಕಿನಿಂದ ಬದಲಿ ಪಡೆಯಬೇಕು. ಸಮೀಪದ ಸುಂಕದಕಟ್ಟೆ ಹಿಂದಿನ ಸುಂಕವನ್ನು ಹೆಸರಿನಲ್ಲಿ ಹೊತ್ತು ಕುಳಿತಿದೆ. 2021ರಿಂದೀಚೆಗೆ ಹೆದ್ದಾರಿಯ ಸುಂಕ ಗಾಜಿನ ಮೇಲೆ ಕುಳಿತಿದೆ. ಹೊಸ ಗಾಜಿಗೆ ಬಿಸಿಲು ತಡೆಯುವ ಕಪ್ಪು ಕಾಗದ ಅಂಟಿಸುವ ಆಸೆಯನ್ನೂ ಬಿಡುವುದು ಲೇಸು. ಮುಂಗಾಜು ನೂರಕ್ಕೆ 70 ಪಾಲಾದರೂ ಬೆಳಕನ್ನು ಒಳಗೆ ಬಿಡಬೇಕೆಂಬುದು ನಿಯಮ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿ ತೀರ್ಪಿತ್ತಿತು.

ಕೆಲವು ವಾರಗಳಲ್ಲಿ ಮರದ ಪೆಟ್ಟಿಗೆಯಲ್ಲಿ ಗಾಜು ಬಂದಿಳಿಯುತ್ತದೆ. ಕೆಲಸ ಮೊದಲಾಗುವ ಮುನ್ನ ಮೇಸ್ತ್ರಿ ಶೆಡ್ಡಿನ ಬಾಗಿಲನ್ನು ಎಳೆದುಕೊಳ್ಳುತ್ತಾನೆ. ಪಕ್ಕದ ಶೆಡ್ಡಿನ ಸಾಣೆಯ ಕಬ್ಬಿಣದ ಹುಡಿ, ಎದುರಿನ ಲೇಥಿನ ಎಣ್ಣೆಯ ಆವಿ, ಇವು ರಾಜಗೋಪಾಲನಗರದ ಗಾಳಿಯಲ್ಲಿ ಸದಾ ಇರುವಂಥವು. ಇವೇ ಅಂಟಿನ ಶತ್ರುಗಳು. ಹಳೆಯ ಗಾಜನ್ನು ಕೀಳಲು ಚಾಕುವಿಗಿಂತ ತಂತಿ ಉತ್ತಮ. ಸ್ಪೋರ್ಟ್ಸ್ ಕಾರಿನ ಮೈ ಅಲ್ಯೂಮಿನಿಯಮ್ಮಿನದೋ ನಾರಿನದೋ ಆಗಿದ್ದರೆ ಚಾಕುವಿನ ಗೀರು ಸುಲಭವಾಗಿ ಮಾಯುವುದಿಲ್ಲ. ಉಕ್ಕಿನದಾದರೆ ಗೀರಿನಿಂದ ತುಕ್ಕು, ತುಕ್ಕಿನಿಂದ ಅಂಟಿನ ಬಿಡುಗಡೆ. ಹಳೆಯ ಅಂಟನ್ನು ಪೂರ್ತಿ ಕೆರೆಯದೆ ತೆಳ್ಳಗೆ ಒಂದು ಪದರವನ್ನು ಉಳಿಸುತ್ತಾರೆ. ಹೊಸ ಅಂಟು ಅದನ್ನೇ ಚೆನ್ನಾಗಿ ಹಿಡಿಯುತ್ತದೆ. ಪ್ರೈಮರ್ ಬಳಿದ ಅಂಚನ್ನು ಬೆರಳಿನಿಂದ ಮುಟ್ಟಿದರೂ ಕೆಲಸ ಕೆಟ್ಟಿತು. ಅಂಟಿನ ಕೊಳವೆಯ ಮೇಲೆ ಅಚ್ಚಾದ ಅವಧಿಯ ದಿನಾಂಕವನ್ನು ಯಜಮಾನರಿಗೆ ತೋರಿಸಿಯೇ ಮೇಸ್ತ್ರಿ ಮೂತಿ ಕತ್ತರಿಸುತ್ತಾನೆ. ಬೆಟ್ಟದ ಏಣಿನಂತೆ ಎದ್ದುನಿಂತ ಅಂಟಿನ ಸಾಲಿನ ಮೇಲೆ, ಇಬ್ಬರು ರಬ್ಬರು ಬಟ್ಟಲುಗಳಿಂದ ಹಿಡಿದೆತ್ತಿದ ಗಾಜು ಒಂದೇ ಸಲಕ್ಕೆ ಇಳಿಯುತ್ತದೆ.

"ಆಯ್ತಲ್ಲ, ಕೀ ಕೊಡಿ. ಬೆಳಗ್ಗೆ ಮೈಸೂರಿನಲ್ಲಿ ಮದುವೆ, ಒಂಬತ್ತಕ್ಕೆ ಮುಹೂರ್ತ. ಮನೆಯವಳನ್ನ ಕರ್ಕೊಂಡು ರಾತ್ರೀನೇ ಹೊರಡ್ಬೇಕು."

"ಅಂಟಿಗೂ ಒಂದು ಮುಹೂರ್ತ ಇದೆ ಸಾರ್. ಅದು ನಾಳೆ."

ಕೆಲವು ಅಂಟುಗಳು ಒಂದೆರಡು ಗಂಟೆಯಲ್ಲಿ ಗಾಡಿ ಓಡಿಸುವಷ್ಟು ಗಟ್ಟಿಯಾಗುತ್ತವೆ, ಕೆಲವಕ್ಕೆ ಇಡೀ ದಿನ ಬೇಕು. ಕೊಳವೆಯ ಜೊತೆಗೆ ಬರುವ ಕಾಗದದಲ್ಲಿ ಅದು ಬರೆದಿರುತ್ತದೆ. ಅಂಟು ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡು. ಆದ್ದರಿಂದ ಬೆಂಗಳೂರಿನ ಮಳೆಗಾಲದಲ್ಲಿ ಬೇಗ, ಮಾಗಿಯ ಒಣಚಳಿಯಲ್ಲಿ ನಿಧಾನ. ಹಚ್ಚುವಾಗ ಮಾತ್ರ ಹನಿ ನೀರೂ ತಾಗಕೂಡದು. ಅದರ ಮೇಲೆ ಈ ಕಾರಿನ ಸ್ಪ್ರಿಂಗುಗಳು ಬಿಗಿ. ರಸ್ತೆಯ ಉಬ್ಬುಗಳು ಒಂದೊಂದೂ ನೇರವಾಗಿ ಹಸಿ ಅಂಟಿಗೆ ತಟ್ಟುತ್ತವೆ. ಬಾಗಿಲನ್ನು ಧಡಾರನೆ ಹಾಕಿದರೆ ಒಳಗಿನ ಗಾಳಿಯೇ ಗಾಜನ್ನು ಹೊರಗೆ ನೂಕೀತೆಂದು ಮೇಸ್ತ್ರಿ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟಿದ್ದಾನೆ. ಇಂದು ಕೀ ಕೊಟ್ಟರೆ ಇಂದೇ ಹಣ. ಕೊಡದಿದ್ದರೆ ಮುನಿದ ಗಿರಾಕಿ ಮತ್ತೆ ಈ ಬೀದಿಗೆ ಬರದೆ ಹೋಗಬಹುದು. ಇದನ್ನು ಬಲ್ಲವನಾಗಿಯೂ ಅವನು ಕೀಯನ್ನು ಮೊಳೆಗೆ ತಗುಲಿಹಾಕುತ್ತಾನೆ.

ಯಜಮಾನರು ಮುನಿದೇ ಹೊರಡುತ್ತಾರೆ. ಪತ್ನಿಯೊಡನೆ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ. ಮದುವೆಯ ಊಟ ರುಚಿಯಾಗಿಯೇ ಇರುತ್ತದೆ.

ಮೂರನೆಯ ದಿನ ದಂಪತಿಗಳು ಬಂದಾಗ ಮೇಸ್ತ್ರಿ ಪೈಪಿನಿಂದ ಗಾಜಿನ ಸುತ್ತ ಮೆಲ್ಲನೆ ನೀರು ಬಿಡುತ್ತಾನೆ. ಒಳಗೆ ಕುಳಿತ ಯಜಮಾನರು ಅಂಚುಗಳನ್ನು ಬೆರಳಾಡಿಸಿ ನೋಡುತ್ತಾರೆ. ಹನಿಯಿಲ್ಲ. ಬಿಲ್ಲಿನಲ್ಲಿ ಗಾಜಿನ ಸಂಖ್ಯೆಯೂ ಅಂಟಿನ ಹೆಸರೂ ಬರೆದಿವೆ. ಲೇಥುಗಳು ಗುಂಯ್‌ಗುಡುತ್ತಲೇ ಇವೆ. ಎಲ್ಲಿಯೋ ಯಾರೋ "ಸಂಜೆಗೇ ಬೇಕು" ಎನ್ನುತ್ತಿದ್ದಾರೆ. ಆಕೆ ಪಕ್ಕದ ಆಸನದಲ್ಲಿ ಕುಳಿತು ಬೆಲ್ಟು ಬಿಗಿದುಕೊಳ್ಳುತ್ತಾಳೆ. ಎದುರಿಗೆ ರಾಜಗೋಪಾಲನಗರದ ಬೀದಿ ತಿಳಿಯಾಗಿ ಕಾಣುತ್ತದೆ, ನಡುವೆ ಗಾಜೇ ಇಲ್ಲವೇನೋ ಎಂಬಂತೆ.