ಹಿಟ್ಟಿನ ಕೋಳಿಯೂ ಕಾಗದದ ರಾಕ್ಷಸನೂ

ಜೈನಾಚಾರ್ಯರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಜೀವಿಯ ಪ್ರಾಣಕ್ಕೆ ಹಾನಿಯುಂಟುಮಾಡುವುದು ಮೊದಲನೆಯದು. ಕ್ರೋಧಾದಿ ಕಷಾಯಗಳಿಂದ ಕಲುಷಿತವಾದ ಆತ್ಮಪರಿಣಾಮವೇ ಎರಡನೆಯದು. ಪ್ರವಚನಗಳಲ್ಲಿ ಈ ಭೇದವನ್ನು ಕೇಳದ ಶ್ರಾವಕರಿಲ್ಲ. ಆದರೆ ಅದು ಮನೆಯ ಮಕ್ಕಳ ಆಟದ ನಡುವೆ ಪ್ರಶ್ನೆಯಾಗಿ ಬಂದು ನಿಂತಾಗ ಉತ್ತರಿಸುವುದು ಅಷ್ಟು ಸುಲಭವಲ್ಲ.

ಬೇಸಿಗೆಯ ರಜೆಯಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮನೆಗಳಿಗೆ ದೂರದ ನಗರಗಳಿಂದ ಮೊಮ್ಮಕ್ಕಳು ಬರುವುದು ವಾಡಿಕೆ. ಹಾಗೆ ರಾಣೆಬೆನ್ನೂರಿನ ಒಂದು ಶ್ರಾವಕ ಕುಟುಂಬಕ್ಕೆ ಬಂದ ಬಾಲಕನೊಬ್ಬನ ಚೀಲದಲ್ಲಿ 'ಮಾನ್‌ಸ್ಟರ್ ಮ್ಯಾನ್ಯುಅಲ್' ಎಂಬ ದಪ್ಪನೆಯ ಸಚಿತ್ರ ಗ್ರಂಥವಿತ್ತು. ಸಂಸ್ಕಾರ ಶಿಬಿರದ ಪಾಠ ಮುಗಿದ ಮೇಲೆ, ಜಿನಮಂದಿರದ ಸಭಾಭವನದಲ್ಲಿ ಆ ಗ್ರಂಥದ ಆಟವನ್ನು ಆಡಲು ಮಕ್ಕಳು ಅನುಮತಿ ಬೇಡಿದರು. ಕೋರೆಹಲ್ಲು, ಕೊಂಬುಗಳ ಚಿತ್ರಗಳನ್ನು ಕಂಡ ಕೆಲವು ಹಿರಿಯರು ಅದನ್ನು ಮಂದಿರದ ಆವರಣಕ್ಕೆ ತರಲೇಬಾರದೆಂದರು. ಮೊಬೈಲ್ ಹಿಡಿದು ಒಬ್ಬೊಬ್ಬರೇ ಮೂಲೆ ಸೇರುವುದಕ್ಕಿಂತ ಇದು ಲೇಸೆಂದು ತಾಯಂದಿರು ಹೇಳಿದರು. ವಿಶ್ವಸ್ತ ಮಂಡಳಿಯು ಗ್ರಂಥವನ್ನು ಪರಿಶೀಲಿಸುವ ಹೊಣೆಯನ್ನು ಬ್ಯಾಡಗಿಯ ನಿವೃತ್ತ ಶಿಕ್ಷಕರೊಬ್ಬರಿಗೆ ಒಪ್ಪಿಸಿತು. ಓದದೆ ನಿಷೇಧಿಸುವುದೂ ಓದದೆ ಒಪ್ಪುವುದೂ ಅವರಿಗೆ ಸಮ್ಮತವಿರಲಿಲ್ಲ.

ಅವರು ಮೊದಲು ಆಟವನ್ನು ತಿಳಿದುಕೊಂಡರು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಈ ಆಟ 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕಥೆಯನ್ನು ನಡೆಸುತ್ತಾನೆ; ಉಳಿದವರು ತಲಾ ಒಂದೊಂದು ಪಾತ್ರವನ್ನು ವಹಿಸುತ್ತಾರೆ; ಕಾರ್ಯದ ಫಲವನ್ನು ದಾಳಗಳು ನಿರ್ಣಯಿಸುತ್ತವೆ. ದಾಳವೆಂದೊಡನೆ ಸಪ್ತವ್ಯಸನಗಳಲ್ಲೊಂದಾದ ದ್ಯೂತದ ಶಂಕೆ ಮೂಡುವುದು ಸಹಜ. ಆದರೆ ಇಲ್ಲಿ ಹಣದ ಪಣವಿಲ್ಲ, ಒಬ್ಬರ ಸೋಲಿನಿಂದ ಇನ್ನೊಬ್ಬರಿಗೆ ಲಾಭವೂ ಇಲ್ಲ. ಆದ್ದರಿಂದ ಆ ದೋಷವನ್ನು ಅವರು ಬದಿಗಿಟ್ಟರು.

ಆಟದಲ್ಲಿ ಎದುರಾಗುವ ವಿಚಿತ್ರ ಜೀವಿಗಳ ಕೋಶವೇ ಈ ಗ್ರಂಥ. ಗೈಗ್ಯಾಕ್ಸ್ ಅದನ್ನು ಮೊದಲು 1977ರಲ್ಲಿ ಹೊರತಂದರು. ಬಾಲಕನ ಬಳಿಯಿದ್ದುದು 2014ರ ಆವೃತ್ತಿ. ಬಹುತೇಕ ಪ್ರತಿಯೊಂದು ಜೀವಿಗೂ ಒಂದು ಚಿತ್ರ, ಅದರ ದೇಹಬಲ, ಆಯುಧ, ಮನೋವೃತ್ತಿ, ಮತ್ತು ಅದನ್ನು ಸೋಲಿಸಿದವರಿಗೆ ಸಲ್ಲುವ ಅಂಕಗಳು ಅಲ್ಲಿ ನಮೂದಾಗಿವೆ. ಕೋಶವಾಗಿ ಅದು ಅಚ್ಚುಕಟ್ಟಾದ ಕೃತಿ. ನಾನಾ ದೇಶಗಳ ಪುರಾಣಗಳಿಂದ ಆಯ್ದ ರೂಪಗಳು ಅದರಲ್ಲಿ ಒಂದೆಡೆ ಸೇರಿವೆ.

ಆ ಪುಟಗಳಲ್ಲಿ 'ರಾಕ್ಷಸ' ಎಂಬ ನಮ್ಮ ಶಬ್ದವನ್ನೇ ಕಂಡು ಶಿಕ್ಷಕರು ಅಲ್ಲಿ ನಿಂತರು. ಹುಲಿಯ ತಲೆ, ಹಿಂದುಮುಂದಾದ ಅಂಗೈಗಳು, ಕಟ್ಟಳೆಗೆ ಬದ್ಧವಾದ ದುಷ್ಟ ಸ್ವಭಾವ. ಸೋಲಿಸಿದವರಿಗೆ 10,000 ಅಂಕ. ಜೈನಾಗಮದ ರಾಕ್ಷಸರು ಹೀಗಿಲ್ಲ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ರಾಕ್ಷಸರು ಎಂಟು ಬಗೆಯ ವ್ಯಂತರ ದೇವರಲ್ಲಿ ಒಂದು ಬಗೆ. ರಾವಣನಾದರೋ ರಾಕ್ಷಸವಂಶವೆಂಬ ಹೆಸರಿನ ಕುಲದಲ್ಲಿ ಹುಟ್ಟಿದ ವಿದ್ಯಾಧರ ಮನುಷ್ಯ, ಜಿನಭಕ್ತ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ಅವನು ಪರಸ್ತ್ರೀಮೋಹದಿಂದ ಕೆಟ್ಟು, ಮುಂದೆ ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ನರಕದ ಫಲವನ್ನು ಉಂಡು, ಭವಾಂತರದಲ್ಲಿ ಅವನು ತೀರ್ಥಂಕರನಾಗುವನೆಂದು ಪರಂಪರೆ ಹೇಳುತ್ತದೆ. ಒಂದು ಗ್ರಂಥವು ಕೊಂದು ಅಂಕ ಗಳಿಸಬೇಕಾದ ಜೀವಿಯೆಂದು ತೋರಿಸುವ ರಾಕ್ಷಸನ ಹೆಸರು ಹೊತ್ತ ಕುಲದಲ್ಲಿಯೇ ನಮ್ಮ ಪುರಾಣವು ಭಾವೀ ಜಿನನನ್ನು ಕಾಣುತ್ತದೆ.

ಈ ದೃಷ್ಟಿಗೆ ಹಾವೇರಿ ಜಿಲ್ಲೆಯ ನೆಲವೇ ಸಾಕ್ಷಿ. ಗುಣಭದ್ರಾಚಾರ್ಯರ ಉತ್ತರಪುರಾಣವು ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಲೋಕಾದಿತ್ಯನ ಆಳ್ವಿಕೆಯ ಬಂಕಾಪುರದಲ್ಲಿ ಪೂಜೆಗೊಂಡಿತು. ಧ್ಯಾನಸ್ಥರಾದ ಪಾರ್ಶ್ವನಾಥರ ಮೇಲೆ ಘೋರ ಉಪಸರ್ಗವೆಸಗಿದ ಶಂಬರನು ಕೊನೆಗೆ ಶಾಂತನಾಗಿ ಸಮ್ಯಕ್ತ್ವವನ್ನು ಪಡೆದ ವೃತ್ತಾಂತ ಅದರಲ್ಲಿದೆ. ಆ ಕಥೆಯಲ್ಲಿ ಅವನನ್ನು ಕೊಂದವರಿಲ್ಲ. ನಾಗರಾಜ ಧರಣೇಂದ್ರನು ಹೆಡೆಯೆತ್ತಿದ್ದು ರಕ್ಷಣೆಗಾಗಿ ಮಾತ್ರ.

ಗ್ರಂಥಕ್ಕೆ ಅನ್ಯಾಯವಾಗಬಾರದೆಂದು ಶಿಕ್ಷಕರು ಪೀಠಿಕೆಯನ್ನೂ ಓದಿದರು. ಜೀವಿಗಳಿಗೆ ಹೇಳಿದ ಮನೋವೃತ್ತಿಯು ಸಾಮಾನ್ಯ ನಿರ್ದೇಶನ ಮಾತ್ರ, ಕಥೆ ನಡೆಸುವವನು ಅದನ್ನು ಬದಲಿಸಬಹುದು ಎಂದು ಅಲ್ಲಿಯೇ ಹೇಳಿದೆ. ರಕ್ಷಕನಾದ ಸಾತ್ತ್ವಿಕ ನಾಗನೊಬ್ಬನು ಅದೇ ಪುಟಗಳಲ್ಲಿದ್ದಾನೆ. ಶತ್ರುವನ್ನು ಕೊಲ್ಲದೆ ಮೂರ್ಛೆಗೊಳಿಸಲು ಆಟದ ನಿಯಮದಲ್ಲಿ ಅವಕಾಶವಿದೆ.

"ಅಜ್ಜಾ, ಆಟದಲ್ಲಿ ನಿಜವಾಗಿ ಯಾರೂ ಸಾಯುವುದಿಲ್ಲವಲ್ಲ?" ಎಂದು ಬಾಲಕನು ಕೇಳಿದನು. ಉತ್ತರವಾಗಿ ಅವರು ಯಶೋಧರನ ಕಥೆಯನ್ನು ಹೇಳಿದರು. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ, ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು ರಾಜನು ಚಂಡಮಾರಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಜೀವವಿಲ್ಲದ ಹಿಟ್ಟನ್ನು ಕಡಿದ ಸಂಕಲ್ಪಮಾತ್ರದಿಂದ ತಾಯಿಮಕ್ಕಳಿಬ್ಬರೂ ಹಲವು ಭವಗಳ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕಥೆ ಹೇಳುವುದೂ ಪಾಪವೇ? ಜನ್ನನೂ ಬಲಿಯ ಕಥೆ ಹೇಳಿದನಲ್ಲ?" ಎಂದನು. ಈ ಪ್ರಶ್ನೆಯೇ ಪರಿಶೀಲನೆಗೆ ದಾರಿ ತೋರಿತು.

ಯಶೋಧರನ ಸಂಕಲ್ಪವು ಬಲಿಯದು. ತನ್ನ ಕ್ಷೇಮಕ್ಕಾಗಿ ಜೀವಿಯೊಂದರ ಸ್ಥಾನದಲ್ಲಿ ಹಿಟ್ಟನ್ನು ನಿಲ್ಲಿಸಿ ಕಡಿದನು. ಮಕ್ಕಳ ಸಂಕಲ್ಪವು ಕಥೆಯದು. ಎರಡನ್ನೂ ಸಮವೆನ್ನುವುದು ನ್ಯಾಯವಲ್ಲ. ಆದರೂ ಹಿಂಸೆಯಲ್ಲಿ ಹರ್ಷಪಡುವುದನ್ನು ಶಾಸ್ತ್ರವು ರೌದ್ರಧ್ಯಾನವೆಂದು ಕರೆದಿದೆ; ಅನರ್ಥದಂಡಗಳಲ್ಲಿ ಅಪಧ್ಯಾನವನ್ನೂ ದುಃಶ್ರುತಿಯನ್ನೂ ಎಣಿಸಿದೆ. ಆದ್ದರಿಂದ ಶಿಕ್ಷಕರು ಗ್ರಂಥವನ್ನು ಮುಚ್ಚಿಟ್ಟು ಎರಡು ಸಂಜೆ ಮಕ್ಕಳ ಆಟವನ್ನೇ ನೋಡಿದರು. ಒಂದು ಜೀವಿ ಬಿದ್ದಾಗ "ಸತ್ತ! ಸತ್ತ!" ಎಂಬ ಕೂಗಿನಲ್ಲಿದ್ದ ಉತ್ಸಾಹ ಅವರಿಗೆ ಹಿತವೆನಿಸಲಿಲ್ಲ. ಕೋರೆಹಲ್ಲಿನ ಚಿತ್ರಕ್ಕಿಂತ ಆ ಕೂಗೇ ಚಿಂತಿಸತಕ್ಕದ್ದೆಂದು ಅವರು ಮಂಡಳಿಗೆ ತಿಳಿಸಿದರು.

ಅವರ ಸಲಹೆ ಸರಳವಾಗಿತ್ತು. ಗ್ರಂಥವನ್ನು ತಡೆಯುವುದು ಬೇಡ. ಅಂಕದ ನಿಯಮವನ್ನು ತಿದ್ದಬೇಕು. ಕೊಂದುದಕ್ಕೆ ಅಂಕವಿಲ್ಲ, ಮಾತಿನಿಂದ ಒಲಿಸಿದರೆ, ದಾರಿ ಬಿಡಿಸಿಕೊಂಡರೆ, ಬಂಧಿತ ಜೀವಿಯನ್ನು ಬಿಡಿಸಿದರೆ ಪೂರ್ಣ ಅಂಕ. ಆಯುಧವೆತ್ತುವ ಮೊದಲು ಆ ಜೀವಿ ಅಲ್ಲಿಗೇಕೆ ಬಂದಿತೆಂದು ವಿಚಾರಿಸಲೇಬೇಕು. ಷಟ್‌ಲೇಶ್ಯೆಗಳ ದೃಷ್ಟಾಂತದಲ್ಲಿ ನೇರಳೆಮರದಡಿ ಬಂದ ಆರು ಜನರ ಹಸಿವು ಒಂದೇ. ಒಬ್ಬನು ಮರವನ್ನೇ ಬುಡಸಹಿತ ಕಡಿಯಬಯಸಿದರೆ, ಇನ್ನೊಬ್ಬನು ಬಿದ್ದ ಹಣ್ಣಿನಿಂದ ತೃಪ್ತನಾಗುತ್ತಾನೆ. ಎದುರಾದ ವಿಕಾರ ಜೀವಿಯ ಮುಂದೆ ಮಕ್ಕಳ ಪರಿಣಾಮವೂ ಹಾಗೆಯೇ ಪರೀಕ್ಷೆಗೊಳ್ಳುತ್ತದೆ.

ಮಂಡಳಿಯು ಅಷ್ಟಮಿ, ಚತುರ್ದಶಿಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಆಟಕ್ಕೆ ಒಪ್ಪಿತು. ಹಾವೇರಿಯ ಒಬ್ಬ ಹಿರಿಯ ಸದಸ್ಯರು ಮಾತ್ರ, ನಿಯಮ ತಿದ್ದಿದರೂ ರುಚಿ ತಿದ್ದುವುದು ಕಷ್ಟವೆಂದು ತಮ್ಮ ಅಸಮ್ಮತಿಯನ್ನು ದಾಖಲಿಸಿದರು. ಆ ಮಾತನ್ನು ಅಲ್ಲಗಳೆಯುವಂತಿಲ್ಲ. ಆದಕಾರಣವೇ ಹಿರಿಯರ ಕರ್ತವ್ಯ ಅನುಮತಿಯೊಂದಿಗೆ ಮುಗಿಯುವುದಿಲ್ಲ. ಮಕ್ಕಳು ತರುವ ಪುಸ್ತಕಗಳನ್ನು ಮನೆಯವರು ಅವರೊಡನೆ ಕುಳಿತು ಓದಲಿ. ವಿಶ್ವಸ್ತ ಮಂಡಳಿಗಳು ಆಟದ ಮೇಜಿನ ಬಳಿ ಉತ್ತರಪುರಾಣ, ಯಶೋಧರಚರಿತೆಗಳ ಸರಳಗನ್ನಡ ಪ್ರತಿಗಳನ್ನೂ ಇಡಲಿ. ಶಂಬರನ ಕಥೆಯನ್ನು ಬಲ್ಲ ಮಗುವು ರಾಕ್ಷಸನ ಪುಟವನ್ನು ಬೇರೆ ಬಗೆಯಲ್ಲಿ ಓದೀತು.