ನಿನ್ನೆ ಇದ್ದ ಹೆಸರು ಇವತ್ತಿಲ್ಲ

ಕಂಪ್ಯೂಟರ್‌ನಲ್ಲಿ ನಮ್ಮ ಹೆಸರು ಸಿಗದಿದ್ದರೆ ಮೊದಲ ಅನುಮಾನ ನಮ್ಮ ಮೇಲೇ. ಕಂಪ್ಯೂಟರ್ ತಪ್ಪು ಮಾಡಲ್ಲ, ನೀವೇ ಏನೋ ಮಾಡಿರಬೇಕು ಅನ್ನುತ್ತಾರೆ. ಇದು ಎಷ್ಟು ಸುಳ್ಳು ಅಂತ ನಾನು ಸೇಡಂ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಕಣ್ಣಾರೆ ನೋಡಿದೆ.

ಅವತ್ತು 12 ಹುಡುಗಿಯರಿಗೆ ಪ್ರಾಕ್ಟಿಕಲ್ ಪರೀಕ್ಷೆ. ಕೆಲವರು ನಮ್ಮ ಮುಧೋಳದಿಂದ ಬಸ್ಸಿಗೆ ಬಂದವರು. ಒಬ್ಬರಿಗೂ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಮರೆತೀರಿ ಅಂತ ಮಾಸ್ತರು ಗದರಿದರು. ‘ಇಲ್ರಿ ಸರ್, ನಿನ್ನಿ ಸಂಜೀತನಕ ಇದೇ ಹೆಸರಿಲೇ ಕೆಲಸ ಮಾಡೀವ್ರಿ’ ಅಂದಳು ಒಬ್ಬಳು. ಅವಳು ಹೇಳಿದ್ದೇ ನಿಜ.

ಅಲ್ಲಿದ್ದದ್ದು ಲಿನಕ್ಸ್ ಕಂಪ್ಯೂಟರ್. ಯಾರ್ಯಾರು ಒಳಗೆ ಬರಬಹುದು ಅನ್ನುವ ಪಟ್ಟಿ ಅದರಲ್ಲಿ ಒಂದೇ ಫೈಲ್‌ನಲ್ಲಿರುತ್ತದೆ, ಒಬ್ಬರಿಗೆ ಒಂದು ಸಾಲು. ಹಿಂದಿನ ದಿನ ಬೆಳಿಗ್ಗೆ ಒಬ್ಬ ಮಾಸ್ತರು ಆ ಫೈಲ್ ತೆರೆದು ಹಾಗೇ ಬಿಟ್ಟಿದ್ದರು. ಮಧ್ಯಾಹ್ನ ಇನ್ನೊಬ್ಬರು 12 ಹೆಸರು ಸೇರಿಸಿದರು. ಸಂಜೆ ಮೊದಲಿನವರು ಪಾಸಾಗಿ ಹೋದವರ ಹೆಸರು ತೆಗೆದು ಸೇವ್ ಮಾಡಿದರು. ಅವರ ಮುಂದಿದ್ದದ್ದು ಬೆಳಗಿನ ಪ್ರತಿ. ಅದರಲ್ಲಿ ಈ 12 ಹೆಸರೇ ಇರಲಿಲ್ಲ. ಕೊನೆಗೆ ಸೇವ್ ಮಾಡಿದವರ ಪ್ರತಿಯೇ ಉಳಿಯಿತು.

ಹಿಂದೆ ತಲಾಟಿ ದಫ್ತರದಲ್ಲಿ ಪುಸ್ತಕ ಒಂದೇ ಇರುತ್ತಿತ್ತು; ಒಬ್ಬರ ಕೈಯಲ್ಲಿದ್ದರೆ ಇನ್ನೊಬ್ಬರು ಕಾಯಲೇಬೇಕಿತ್ತು. ಕಂಪ್ಯೂಟರ್‌ನಲ್ಲಿ ಹಾಗೆ ಕಾಯಿಸಲು ಬೀಗ ಬೇಕು. ಲಿನಕ್ಸ್‌ನಲ್ಲಿ ಆ ಬೀಗ ಇದೆ. ‘ವಿಐಪಿಡಬ್ಲ್ಯು’ ಅನ್ನುವ ಕಮಾಂಡ್‌ನಿಂದ ಪಟ್ಟಿ ತೆರೆದರೆ ಫೈಲ್‌ಗೆ ಬೀಗ ಬೀಳುತ್ತದೆ. ಅದೇ ಕಮಾಂಡ್‌ನಿಂದ ಬಂದ ಎರಡನೆಯವರಿಗೆ ಆಮೇಲೆ ಬನ್ನಿ ಅನ್ನುತ್ತದೆ. ಆದರೆ ಸಾದಾ ಎಡಿಟರ್ ಆ ಬೀಗವನ್ನು ನೋಡುವುದೇ ಇಲ್ಲ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಇದೆ. ಅಲ್ಲಿ ಇಬ್ಬರೂ ಹಿತ್ತಲಿಂದಲೇ ಹೋಗಿದ್ದರು.

ಇಬ್ಬರೂ ಬಳಸಿದ್ದು ಒಂದೇ ಅಡ್ಮಿನ್ ಲಾಗಿನ್. ಹಾಗಾಗಿ ಅಳಿಸಿದ್ದು ಯಾರು ಅಂತ ಕಂಪ್ಯೂಟರ್ ಕೂಡ ಹೇಳಲಿಲ್ಲ. ನಮ್ಮ ಪಹಣಿಯ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಇಟ್ಟದ್ದು ಇದಕ್ಕೇ: ಯಾರು ಕೈ ಹಾಕಿದರು ಅಂತ ತಿಳಿಯಬೇಕು.

ಹಾಜರಿ ಪುಸ್ತಕ ನೋಡಿ ಹೆಸರು ಮತ್ತೆ ಸೇರಿಸಿದರು. ಆದರೂ ಹುಡುಗಿಯರ ಫೈಲ್‌ಗಳು ತೆರೆಯಲಿಲ್ಲ. ಲಿನಕ್ಸ್ ಫೈಲ್‌ನ ಒಡೆಯರನ್ನು ಗುರುತಿಸುವುದು ಹೆಸರಿನಿಂದಲ್ಲ, ನಂಬರಿನಿಂದ. ಹಳೇ ಫೋಲ್ಡರ್ ಮೇಲಿದ್ದ ನಂಬರ್ ನೋಡಿ ಅದನ್ನೇ ಕೊಟ್ಟ ಮೇಲೆ ಎಲ್ಲ ಸರಿಹೋಯಿತು. ಪರೀಕ್ಷೆ ತಡವಾಗಿ ಶುರುವಾಯಿತು, ಕೆಲವರಿಗೆ ಊರಿನ ಬಸ್ ತಪ್ಪಿತು.

ಹುಡುಗಿಯರನ್ನು ಗದರಿದ್ದಕ್ಕೆ ಮಾತ್ರ ಯಾರೂ ಏನೂ ಹೇಳಲಿಲ್ಲ. ರೇಷನ್ನಿರಲಿ, ಪಿಂಚಣಿಯಿರಲಿ, ನಿಮ್ಮ ಹೆಸರು ಪಟ್ಟಿಯಲ್ಲಿ ಇದ್ದು ಮಾಯವಾದರೆ ತಲೆ ತಗ್ಗಿಸಿ ಬರಬೇಡಿ. ಈ ಪಟ್ಟಿಯನ್ನು ಕೊನೆಗೆ ಸೇವ್ ಮಾಡಿದವರು ಯಾರು, ಯಾವಾಗ ಅಂತ ಕೇಳಿ. ಹಳೇ ಪ್ರಿಂಟ್ ಇದ್ದರೆ ಜೊತೆಗೆ ಒಯ್ಯಿರಿ.